ತೋಪಿನ ಮಡಿವಾಳ ಹಕ್ಕಿ

ಎಂಬತ್ತರ ದಶಕದ ಒಂದು ಬೇಸಿಗೆ ರಜೆಯಲ್ಲಿ ಆಳಂದದಿಂದ ಅಫಜಲಪುರದ ಬಸ್ಸು ಹತ್ತಿದೆ. ತೊಡೆಯ ಮೇಲೆ ಟೇಪ್ ರೆಕಾರ್ಡರ್, ಕಾಲ ಬಳಿ ಅಡುಗೆಮನೆಯಿಂದ ತಂದ ಅಲ್ಯೂಮಿನಿಯಂ ಬೋಗಣಿ. ಅದರ ನಡುವೆ ಮೈಕು ಕಟ್ಟಿ ಮರದತ್ತ ಹಿಡಿದರೆ ದೂರದ ಹಕ್ಕಿಯ ದನಿಯೂ ಸ್ಪಷ್ಟವಾಗಿ ಸಿಗುತ್ತಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನನಗೆ ಮಕ್ಕಳಿಗೆ ಮಡಿವಾಳ ಹಕ್ಕಿಯ ಹಾಡು ಕೇಳಿಸುವ ಆಸೆ. ನಮ್ಮ ಓಣಿಯಲ್ಲೂ ಅದು ಹಾಡುತ್ತಿತ್ತು. ಆದರೆ ಹಿಟ್ಟಿನ ಗಿರಣಿಯ ಸದ್ದು ಬಿಡಬೇಕಲ್ಲ! ಭೀಮಾ ದಂಡೆಯ ಒಂದು ಮಾವಿನ ತೋಪಿಗೆ ಹೋಗಿ ನೋಡಿರೆಂದು ಸಹೋದ್ಯೋಗಿಯೊಬ್ಬರು ಹೇಳಿದ್ದರು.

ಅಫಜಲಪುರದಲ್ಲಿ ರೊಟ್ಟಿ, ಪುಂಡಿಪಲ್ಲೆ ತಿಂದು ಇನ್ನೊಂದು ಬಸ್ಸು ಹಿಡಿದೆ. ಸಂಜೆಗೆ ಭೀಮಾ ದಂಡೆಯ ಘತ್ತರಗಿ ಮುಟ್ಟಿದೆ. ಯಾತ್ರಿಕರ ಛತ್ರದಲ್ಲಿ ಮಲಗಿ, ಬೆಳಕು ಹರಿಯುವ ಮೊದಲೇ ಹೊಳೆಯ ದಂಡೆ ಹಿಡಿದು ಎರಡು ಮೈಲು ನಡೆದೆ.

ತೋಪಿನೊಳಗೆ ಒಂದು ಹಾಳು ಗುಡಿಯಿತ್ತು. ಅದರ ಪಕ್ಕದ ತಗ್ಗಿನ ಕೊಂಬೆಯ ಮೇಲೆ ಕಪ್ಪು ಬಿಳುಪಿನ ಗಂಡು ಹಕ್ಕಿ ಬಾಲವೆತ್ತಿ ಹಾಡತೊಡಗಿತು. ಸಿಳ್ಳೆ ಮೇಲೇರಿ, ತಟ್ಟನೆ ತಿರುಗಿ, ಮತ್ತೆ ಹೊಸದಾಗಿ ಶುರುವಾಗುತ್ತಿತ್ತು. ಹೆಡ್‌ಫೋನ್ ಹಾಕಿಕೊಂಡು ಬೋಗಣಿಯನ್ನು ಅತ್ತ ಹಿಡಿದು ನಿಂತೆ. ಹಿಂದೆ ಜನ ಬಂದದ್ದು ತಿಳಿಯಲೇ ಇಲ್ಲ.

ಯಾರೋ ನನ್ನ ತೋಳು ಹಿಡಿದು ತಿರುಚಿದರು. ಹೆಡ್‌ಫೋನ್ ಜಾರಿತು. ಐದಾರು ಜನ ಸುತ್ತ ನಿಂತಿದ್ದರು.

"ಬಂಗಾರ ಹುಡಕೋ ಮಿಷನ್ ತಂದಾನ. ಹೋದ ತಿಂಗಳ ಗುಡಿ ಅಗದು ಬಸವಣ್ಣನ್ನ ಒಡದವ್ರು ಇವರs!" ಎಂದ ತೋಳು ಹಿಡಿದವನು. ಅವನೇ ತೋಪಿನ ಮಾಲೀಕ ಸಿದ್ದಣ್ಣ.

"ನಾನು ಆಳಂದದ ಮಾಸ್ತರ್ ಅದೀನ್ರಿ. ಹಕ್ಕಿ ಹಾಡು ತುಂಬ್ಕೊಳ್ಳಾಕತ್ತೇನಿ."

"ಹಕ್ಕಿ ಹಾಡಿಗಿ ಆಳಂದದಿಂದ ಬಂದೀರಿ? ನಂಬೂ ಮಾತೇನ್ರಿ ಇದು? ಹಗ್ಗ ತರ್ರೋ!"

ಅಷ್ಟರಲ್ಲಿ ಸಿದ್ದಣ್ಣನ ತಾಯಿ ಗುರುಬಸವ್ವ ಬಂದಳು. "ಮೊದಲ ಕೇಳ್ರಿ, ಆಮ್ಯಾಗ ಕಟ್ರಿ," ಎಂದಳು. ತೋಳು ಬಿಟ್ಟರು. ಟೇಪು ಹಿಂದಕ್ಕೆ ಸುತ್ತಿ ಗುಂಡಿ ಒತ್ತಿದೆ. ಮೊದಲು ಬರೀ ಸರಸರ ಸದ್ದು. ಗಾಬರಿಯಲ್ಲಿ ಅಳಿಸಿಬಿಟ್ಟೆನೇ ಎಂದು ದನಿ ಹೆಚ್ಚಿಸಿದೆ. ಆಮೇಲೆ ಸಿಳ್ಳೆ ಹೊಮ್ಮಿತು.

"ಊರಾಗs ತುಂಬ್ಕೊಂಡ್ ಬಂದಿರಬೇಕು," ಎಂದ ಸಿದ್ದಣ್ಣ.

ಮಾತು ಮುಗಿದಿರಲಿಲ್ಲ, ನಿಜವಾದ ಹಕ್ಕಿ ರೆಕಾರ್ಡರಿನ ಮೇಲೆ ಎರಗಿತು. "ಚರ್ರ್, ಚರ್ರ್" ಎಂದು ಒರಟಾಗಿ ಕೂಗುತ್ತ ಸ್ಪೀಕರನ್ನು ಕುಕ್ಕಿತು. ಜನ ಹಿಂದೆ ಸರಿದರು.

"ಬಂದ್ ಮಾಡ್ರಿ ಮಾಸ್ತರ್!" ಗುರುಬಸವ್ವ ಕೂಗಿದಳು. "ಬ್ಯಾರೆ ಗಂಡು ಬಂದದ ಅಂತ ತಿಳದದ ಅದು. ಆ ಪೊಟರ್ಯಾಗ ಮರಿ ಅವ."

ಆಗ ಕಂಡಿತು, ಹುಳ ಕಚ್ಚಿಕೊಂಡ ಹೆಣ್ಣು ಹಕ್ಕಿ ನಮಗೆ ಹೆದರಿ ಕೊಂಬೆಯಿಂದ ಕೊಂಬೆಗೆ ಹಾರುತ್ತಿತ್ತು. ಟೇಪು ನಿಲ್ಲಿಸಿದೆ. ಗಂಡು ಹಕ್ಕಿ ಎಲೆಗಳ ನಡುವೆ ಮರೆಯಾಗಿ ಮೌನವಾಯಿತು. ನನ್ನ ಭಯ ಈಗ ಬೇರೆಯಾಗಿತ್ತು: ನನ್ನಿಂದಾಗಿ ಇವು ಗೂಡು ಬಿಟ್ಟರೆ?

ಎಲ್ಲರೂ ದೂರದ ಬೇವಿನ ನೆರಳಿಗೆ ಸರಿದು ಕೂತೆವು. ಬಿಸಿಲು ಏರಿತು. ಹೆಣ್ಣು ಹಕ್ಕಿ ಎರಡು ಸಲ ಪೊಟರೆಯವರೆಗೆ ಬಂದು ಹಿಂತಿರುಗಿತು. ಸಿದ್ದಣ್ಣ ಉಸಿರು ಬಿಗಿ ಹಿಡಿದಿದ್ದ. ಮೂರನೆಯ ಸಲ ಒಳಗೆ ಹೋಯಿತು. ಮರಿಗಳ ಕಿಚಪಿಚ ಸಣ್ಣಗೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಗಂಡು ಹಕ್ಕಿ ಮರದ ತುದಿಯಿಂದ ಹಾಡಿತು.

"ತುಂಬ್ಕೊರ್ರಿ ಮಾಸ್ತರ್," ಸಿದ್ದಣ್ಣ ಪಿಸುಗುಟ್ಟಿದ.

"ಇಷ್ಟು ದೂರಕ್ಕ ಬೋಗಣಿನೂ ಸಾಲಂಗಿಲ್ಲ, ಹತ್ತಿರ ಹೋಗಬೇಕಾಗ್ತದ್ರಿ. ಬ್ಯಾಡ."

ಅವರ ಮನೆಯಲ್ಲಿ ಊಟವಾಯಿತು. ಗುರುಬಸವ್ವ ನನ್ನ ತೋಳಿಗೆ ಬಿಸಿ ಎಣ್ಣೆ ತಿಕ್ಕಿದಳು. ಮಧ್ಯಾಹ್ನದ ಬಸ್ಸಿಗೆ ಬಿಡಲು ಬಂದ ಸಿದ್ದಣ್ಣ ಒಮ್ಮೆಯೂ ನನ್ನ ಮುಖ ನೋಡಲಿಲ್ಲ. ಬಸ್ಸು ಹೊರಡುವಾಗ ಮಾತ್ರ ಕಿಟಕಿಗೆ ಬಂದು ವಿಳಾಸ ಕೇಳಿದ.

ಆಳಂದಕ್ಕೆ ಬಂದ ಮೇಲೂ ಆ ಟೇಪು ಹಾಕಿ ಕೇಳಲು ನನಗೆ ಮನಸ್ಸಾಗಲಿಲ್ಲ. ಹದಿನೈದು ದಿನಕ್ಕೆ ಒಂದು ಕಾರ್ಡು ಬಂತು. ದೊಡ್ಡ ಅಕ್ಷರಗಳಲ್ಲಿ ಸಿದ್ದಣ್ಣ ಬರೆದಿದ್ದ: "ಮೂರೂ ಮರಿ ಹಾರಿದವು. ಅವ್ವ ನೋಡಿದಳು. ಈಗ ಬರ್ರಿ."