ಗಾಡಿಯ ಜೊತೆ ಬಂದ ಕಲ್ಲು

ನಾನು ನಿಂತಿದ್ದದ್ದು ಕಂಪ್ಲಿಯ ಹೊರಗೆ, ಕಾಲುವೆ ಏರಿಯ ಮೇಲಿರುವ ಹನುಮಪ್ಪನ ಗುಡಿಯ ಮುಂದೆ. ಗಾಡಿಯ ಬಲಮಗ್ಗುಲಿನ ಹಿಂದಿನ ಗಾಲಿಯಿಂದ ಎರಡು ಮಾರು ದೂರದಲ್ಲಿ. ಈಗ್ಗೆ ನಾಲ್ಕು ವರ್ಷದ ಹಿಂದೆ, ನಾಟಿ ಹಂಗಾಮಿನ ಒಂದು ಶನಿವಾರ, ಬೆಳಗಿನ ಒಂಬತ್ತು ಗಂಟೆಯ ಸುಮಾರು. ನನ್ನ ಎರಡೂ ಕೈಯಲ್ಲಿ ಒಂದು ಬೂದುಗುಂಬಳಕಾಯಿ ಇತ್ತು. ಅಕ್ಕಿ ಗಿರಣಿಯಲ್ಲಿ ತೂಕದ ಕಾಟಾದ ಮುಂದೆ ಕೂರುವ ಕೆಲಸ ನನ್ನದು. ಕಂಡದ್ದನ್ನು ಕಂಡಷ್ಟೇ ಹೇಳುವುದು ಅಭ್ಯಾಸವಾಗಿದೆ. ಅಂದು ಕಂಡದ್ದನ್ನೂ ಹಾಗೆಯೇ ಹೇಳುತ್ತೇನೆ.

ಗಾಡಿ ಕೊಂಡದ್ದು ಅವ್ವನಿಗಾಗಿ. ಅವ್ವನ ಮೊಣಕಾಲು ಮಡಚುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಬಸ್ಸಿನ ಸೀಟಿನಲ್ಲಿ ಕಾಲು ಹಿಡಿಸುತ್ತಿರಲಿಲ್ಲ, ಆಟೋದಲ್ಲಿ ಕೂತರೆ ಕಾಲು ಹೊರಗೆ ಉಳಿಯುತ್ತಿತ್ತು. ಅವಳ ಸ್ವಂತ ಅಕ್ಕ, ಅಂದರೆ ನಮ್ಮ ದೊಡ್ಡವ್ವ, ಸಂಡೂರು ತಾಲ್ಲೂಕಿನ ವಡ್ಡುವಿನಲ್ಲಿದ್ದಳು. ಅವಳಿಗೂ ಕಾಲು ಸ್ವಾಧೀನವಿರಲಿಲ್ಲ. ಅಕ್ಕ ತಂಗಿ ಮುಖ ನೋಡಿ ವರ್ಷಗಳಾಗಿದ್ದವು. ಮೊಬೈಲಿನಲ್ಲಿ ಮುಖ ತೋರಿಸಿದರೆ ಇಬ್ಬರೂ ಕೂಗಾಡುತ್ತಿದ್ದರು, "ನೀ ಯಾಕ ಬರವಲ್ಲಿ?" "ನೀ ಯಾಕ ಬರವಲ್ಲಿ?" ಅಂತ. ಕೊನೆಗೆ ನನ್ನ ಹೆಂಡತಿ ರೇಣುಕಾ ಫೋನು ಕಿತ್ತುಕೊಳ್ಳುತ್ತಿದ್ದಳು.

ಕಾಲು ನೀಡಿಕೊಂಡು ಕೂರುವಂಥ ದೊಡ್ಡ ಗಾಡಿ ಬೇಕಿತ್ತು. ಹೊಸದು ನಮ್ಮ ಕೈಗೆ ಎಟಕುವಂಥದ್ದಲ್ಲ. ಹೆಂಡತಿಯ ತಮ್ಮ ಎರ್ರಿಸ್ವಾಮಿ ವಡ್ಡುವಿನಲ್ಲೇ ಒಂದು ಹಳೆಯ ಎಸ್‌ಯುವಿ ಹುಡುಕಿದ. ಗಣಿ ಗುತ್ತಿಗೆದಾರರೊಬ್ಬರದು. ಮೀಟರಿನಲ್ಲಿ ಮೂರು ಲಕ್ಷ ಕಿಲೋಮೀಟರು ದಾಟಿತ್ತು. ಬಾಗಿಲು ತೆಗೆದರೆ ಒಳಗೆಲ್ಲ ಅದಿರಿನ ಕೆಂಪು ದೂಳು.

"ಮಾವಾ, ಓಡಿದ ಎತ್ತು ಹಾದಿ ಕಲ್ತಿರ್ತದ," ಅಂದ ಎರ್ರಿಸ್ವಾಮಿ.

"ಓಡಿ ಓಡಿ ಸಾಕಾಗಿ ಮಾರಾಕ ಇಟ್ಟಾರ," ಅಂದಳು ರೇಣುಕಾ ಫೋನಿನಲ್ಲಿ. "ಮುದಿ ಆನಿ ಸಾಕಾಕ ನಿಮ್ಮ ಗಿರಣಿ ತೌಡು ಸಾಲಂಗಿಲ್ಲ, ಹೇಳಿರ್ತೀನಿ."

ಗಾಡಿಯನ್ನು ಅಷ್ಟು ವರ್ಷ ಓಡಿಸಿದ ಡ್ರೈವರ್ ಹುಲುಗಪ್ಪ ಅಂತ ಒಬ್ಬರಿದ್ದರು. ನಮಗೆ ಒಂದು ಸುತ್ತು ಓಡಿಸಿ ತೋರಿಸಿದರು. ಎಂಜಿನ್ ಸದ್ದು ಚೆನ್ನಾಗಿತ್ತು, ಬ್ರೇಕು ಹಿಡಿಯುತ್ತಿತ್ತು. ಮುಂದಿನ ಸೀಟನ್ನು ಹಿಂದಕ್ಕೆ ತಳ್ಳಿ ನಾನು ಕಾಲು ನೀಡಿ ಕೂತು ನೋಡಿದೆ. ಅವ್ವನ ಎತ್ತರಕ್ಕೆ ಸಾಕಾಗುತ್ತಿತ್ತು. ಇಷ್ಟು ಬಿಟ್ಟು ಬೇರೆ ಏನನ್ನೂ ನಾನು ಪರೀಕ್ಷೆ ಮಾಡಲಿಲ್ಲ.

ಒಪ್ಪಂದವಾಗಿ ನಾವು ಹೊರಡುವಾಗ ಹುಲುಗಪ್ಪನವರು ಎರಡು ಕೀಲಿ ಕೊಟ್ಟರು. ಆಮೇಲೆ ಸೀಟಿನ ಕೆಳಗೆ ಕೈ ಹಾಕಿ ಗೋಣಿಚೀಲದ ತುಂಡಿನಲ್ಲಿ ಸುತ್ತಿದ್ದ ಒಂದು ಕಲ್ಲು ತೆಗೆದರು. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಇಳಿಜಾರು, ಮೂರು ಸೇರಿನಷ್ಟು ಭಾರ. ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಅದನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು. "ಇದು ಗಾಡೀದು ರೀ ಸರ," ಅಂದರು. ಅಷ್ಟರಲ್ಲಿ ಯಾರೋ ಕರೆದರೆಂದು ಕಣ್ಣೊರೆಸಿಕೊಳ್ಳುತ್ತ ಹೋಗಿಬಿಟ್ಟರು.

ಹಂಪಿಯ ಸುತ್ತಮುತ್ತ ಹುಟ್ಟಿ ಬೆಳೆದವರು ಕುಂಕುಮ ಹಚ್ಚಿದ ಕಲ್ಲು ಕಂಡರೆ ಇದು ಯಾವ ದೇವರು ಎಂದು ಕೇಳುವುದಿಲ್ಲ. ಮೊದಲು ಕೈ ಮುಗಿಯುತ್ತಾರೆ. ನಾನು ಮುಗಿದೆ. ಎರ್ರಿಸ್ವಾಮಿ ಚಪ್ಪಲಿ ಬಿಟ್ಟು ಮುಗಿದ. "ಮಾವಾ, ಮೂರು ಲಕ್ಷ ಹೆಂಗ ಓಡೈತಿ ಅಂತ ಈಗ ತಿಳೀತು ನೋಡು," ಅಂದ.

ಮನೆಯಲ್ಲಿ ಕಲ್ಲನ್ನು ದೇವರ ಜಗುಲಿಯ ಮೇಲಿಟ್ಟೆವು. ರೇಣುಕಾ ನೀರೆರೆದು ಹೊಸ ವಿಭೂತಿ ಹಚ್ಚಿದಳು. ಅವ್ವ ದಿನಾ ಒಂದು ಹೂವು ಏರಿಸಿದಳು. ಗಾಡಿ ಬೀದಿಯಲ್ಲಿ ನಿಂತಿತ್ತು. ಕಂಪ್ಲಿ ಗದ್ದೆಯಷ್ಟೇ ಸಮತಟ್ಟಾದ ಊರು. ನಿಲ್ಲಿಸಿದ್ದು ನಿಂತಲ್ಲೇ ಇರುತ್ತದೆ. ಎಷ್ಟು ತೊಳೆದರೂ ಕೆಂಪು ದೂಳು ಮಾತ್ರ ಹೋಗಲಿಲ್ಲ. ಬಿಳಿ ಪಂಚೆಯುಟ್ಟು ಬಂದು ಕೂತು ನೋಡಿದ ನೆಂಟರೆಲ್ಲ ಹಿಂದೆ ಕೆಂಪು ಮುದ್ರೆ ಒತ್ತಿಸಿಕೊಂಡು ಹೋದರು.

ಶನಿವಾರ ಹನುಮಪ್ಪನ ಗುಡಿಯಲ್ಲಿ ಪೂಜೆ, ಅಲ್ಲಿಂದ ಸೀದಾ ವಡ್ಡು ಎಂದು ನಿಶ್ಚಯವಾಯಿತು. ಅವ್ವನನ್ನು ಗಾಡಿ ಹತ್ತಿಸುವುದು ನಾವು ಎಣಿಸಿದಷ್ಟು ಸುಲಭವಿರಲಿಲ್ಲ. ಗಾಡಿ ಎತ್ತರ. ಮೊದಲು ಮಣೆ, ಮಣೆಯ ಮೇಲೆ ಸ್ಟೂಲು ಇಟ್ಟೆವು. ಮುಂದಿನಿಂದ ಎರ್ರಿಸ್ವಾಮಿ ಎಳೆದ, ಹಿಂದಿನಿಂದ ನಾನೂ ರೇಣುಕಾಳೂ ನೂಕಿದೆವು. "ಭತ್ತದ ಚೀಲ ಅಲ್ಲಲೇ ನಾನು," ಎಂದು ಅವ್ವ ಬೈದಳು. ಅಂತೂ ಎಡಗಡೆಯ ಮುಂದಿನ ಸೀಟಿನಲ್ಲಿ ಕೂತು, ಕಾಲು ನೀಡಿ, ಸೀರೆ ಸರಿ ಮಾಡಿಕೊಂಡು ಹೇಳಿದಳು: "ಇನ್ನ ನನ್ನ ವಡ್ಡಿನ್ಯಾಗ ಇಳಿಸ್ರಿ. ನಡುವ ಯಾರಾರ ಇಳಿ ಅಂದ್ರ ನೋಡ್ರಿ ಮತ್ತ."

ದೇವರ ಕಲ್ಲನ್ನು ಚೆಂಡುಹೂವಿನ ಹಾರ ಹಾಕಿ ಅವ್ವನ ಎದುರು ಡ್ಯಾಶ್‌ಬೋರ್ಡಿನ ಮೇಲೆ ಕೂರಿಸಿದೆವು.

ಹನುಮಪ್ಪನ ಗುಡಿಯ ಮುಂದೆ ಏರಿಯಿಂದ ಗದ್ದೆಗೆ ಇಳಿಯುವ ಒಂದು ರಸ್ತೆಯಿದೆ. ಅದರ ಎಡಕ್ಕೆ ಕಾಲುವೆಯ ತೂಬು. ತೂಬಿನ ಕೆಳಗೆ ತುಂಬಿ ಹರಿಯುವ ನೀರು. ಬಲಕ್ಕೆ ನಾಟಿಗೆ ಕೆಸರು ಮಾಡಿದ ಗದ್ದೆ. ಗುಡಿಯ ಮುಂದಿನ ಜಾಗ ಚಿಕ್ಕದಾದ್ದರಿಂದ ಎರ್ರಿಸ್ವಾಮಿ ಗಾಡಿಯನ್ನು ಆ ಇಳಿಜಾರಿನ ತಲೆಗೆ, ಮುಖ ಕೆಳಗೆ ಮಾಡಿ, ಗೇರಿನಲ್ಲಿ ನಿಲ್ಲಿಸಿದ. ನಾಲ್ಕು ಗಾಲಿಗೂ ನಿಂಬೆಹಣ್ಣು ಇಟ್ಟ. ಪೂಜಾರಿಯವರು ಕಾಯಿ ಒಡೆದರು. ಆಮೇಲೆ, "ಗಾಡಿ ಚಾಲೂ ಮಾಡ್ರಿ, ಆರತಿ ಬೆಳಗ್ತೀನಿ," ಅಂದರು.

ಎರ್ರಿಸ್ವಾಮಿ ಹತ್ತಿ ಕೂತು ಗೇರು ಬಿಡಿಸಿ ಎಂಜಿನ್ ಚಾಲೂ ಮಾಡಿದ. ಹ್ಯಾಂಡ್ ಬ್ರೇಕ್ ಎಳೆದ. ಅದು ಕರಕರ ಎಂದದ್ದು ನನಗೂ ಕೇಳಿಸಿತು. ಆರತಿ ತೆಗೆದುಕೊಳ್ಳಲು ಇಳಿದು ಬಂದ. ಬಾಗಿಲು ತೆರೆದೇ ಇತ್ತು. ಪೂಜಾರಿಯವರು ನನ್ನ ಕೈಗೆ ಕುಂಬಳಕಾಯಿ ಕೊಟ್ಟು, "ದೃಷ್ಟಿ ಇಳೆ ತೆಗೆಯೋ ತನಕ ಕೆಳಗ ಇಡಬ್ಯಾಡ್ರಿ, ಅಪಶಕುನ," ಅಂದರು.

ಮೊದಲು ಕೇಳಿಸಿದ್ದು ಪಚ್ ಎಂಬ ಸದ್ದು. ಮುಂದಿನ ನಿಂಬೆಹಣ್ಣು ಅಪ್ಪಚ್ಚಿಯಾಗಿತ್ತು. ಪೂಜಾರಿಯವರು ಕಣ್ಣು ಮುಚ್ಚಿದ್ದರು. ಇನ್ನೊಂದು ಪಚ್. ಯಾರೋ ಗಾಡಿ ಬಿಡುತ್ತಿದ್ದಾರೆ ಎಂದುಕೊಂಡೆ. ಡ್ರೈವರ್ ಸೀಟು ನೋಡಿದೆ, ಖಾಲಿ. ಪಕ್ಕಕ್ಕೆ ನೋಡಿದೆ, ಎರ್ರಿಸ್ವಾಮಿ ಆರತಿಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಗಾಡಿ ನಮ್ಮೆಲ್ಲರನ್ನೂ ಬಿಟ್ಟು, ಅವ್ವನನ್ನು ಕೂರಿಸಿಕೊಂಡು, ಮದುವೆ ಮೆರವಣಿಗೆಯ ಹಾಗೆ ಮೆಲ್ಲಗೆ ಇಳಿಯತೊಡಗಿತ್ತು.

"ಅತ್ತೀ!" ಎಂದು ರೇಣುಕಾ ಚೀರಿದಳು. ನಾನು ಓಡಿದೆ. ತೆರೆದ ಬಾಗಿಲು ಒಂದು ಮಾರು ಮುಂದಿತ್ತು. ಕೈ ಚಾಚಿದ್ದರೆ ಸಿಗುತ್ತಿತ್ತು. ಆದರೆ ಕೈಯಲ್ಲಿ ಕುಂಬಳಕಾಯಿ. ಕೆಳಗೆ ಇಡಬಾರದು ಎಂದು ಹೇಳಿದ್ದರಲ್ಲ, ನಾನು ಅದನ್ನು ಕೂಸಿನ ಹಾಗೆ ಎದೆಗೆ ಅವುಚಿಕೊಂಡೇ ಓಡಿದೆ.

"ಕುಂಬಳಕಾಯಿ ಒಗೀ ಮಾವಾ!"

"ಇಳೆ ತೆಗೆದಿಲ್ಲಲೇ!"

ಇದನ್ನು ನಾನು ಹೇಳಿದೆನೆಂದು ಎರ್ರಿಸ್ವಾಮಿ ಈಗಲೂ ಊರಲ್ಲಿ ಹೇಳಿಕೊಂಡು ತಿರುಗುತ್ತಾನೆ. ಹೇಳಿದ್ದು ನಿಜ.

ಗಾಡಿಯ ಮೂತಿ ತೂಬಿನ ಕಡೆಗೇ ಇತ್ತು. ಆ ನೀರಿನ ಬಣ್ಣ, ಅದರ ಸುಳಿ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಆಗ ಒಳಗಿನಿಂದ ಅವ್ವನ ದನಿ ಕೇಳಿಸಿತು. ಅದು ಹೆದರಿದ ದನಿಯಲ್ಲ. "ಹೋ... ಹೋ... ಹೋ..." ಮದುವೆಗೆ ಮುಂಚೆ ತೌರಿನಲ್ಲಿ ಅವ್ವ ಬಂಡಿ ಹೊಡೆದವಳು. ಎತ್ತು ಹೆಚ್ಚು ಓಡಿದರೆ ಕೂಗುವ ಕೂಗು ಅದು. ಅವಳ ಎಡಗೈ ಡ್ಯಾಶ್‌ಬೋರ್ಡಿನ ಮೇಲಿದ್ದ ದೇವರು ಬೀಳದಂತೆ ಹಿಡಿದಿತ್ತು. ಬಲಗೈ ಸ್ಟೇರಿಂಗಿನ ಮೇಲಿತ್ತು. ಆ ಕೈ ಸ್ಟೇರಿಂಗನ್ನು ತಿರುಗಿಸಿತೋ ಅಥವಾ ಆಸರೆಗೆ ಹಿಡಿದು ವಾಲಿತೋ ನಾನು ಹೇಳಲಾರೆ. ಕಂಡದ್ದು ಇಷ್ಟು: ಕೈ ಇತ್ತು, ಗಾಡಿ ಬಲಕ್ಕೆ ಹೊರಳಿತು.

ಆ ಹೊತ್ತಿಗೆ ನಾನು ಕುಂಬಳಕಾಯಿಯನ್ನು ಹಿಂದಿನ ಗಾಲಿಗೆ ಅಡ್ಡವಾಗಿ ಎಸೆದೆ. ಗಾಲಿ ಅದನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಹತ್ತಿ ಇಳಿಯಿತು. ಗಾಡಿ ಬದು ದಾಟಿ ಗದ್ದೆಗೆ ಇಳಿದು, ಕೆಸರಿನಲ್ಲಿ ಎಮ್ಮೆ ಮಲಗುವ ಹಾಗೆ ಮೆಲ್ಲಗೆ ಕೂತು, ನಿಂತಿತು. ಎಂಜಿನ್ ಇನ್ನೂ ಓಡುತ್ತಿತ್ತು.

ನಾನು ಮೊಣಕಾಲು ಮಟ್ಟ ಕೆಸರಿನಲ್ಲಿ ಹೋಗಿ ಅವ್ವನ ಬಾಗಿಲು ತೆಗೆದೆ. ಅವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಏನಲೇ ಪಂಪಣ್ಣ, ಹಂಗ್ಯಾಕ ನಡಗತಿ?"

"ಇಳಿಯವ್ವ. ಮೊದ್ಲು ಇಳಿ. ಎತ್ಕೊಂತೀನಿ."

"ಇಳಿಯಂಗಿಲ್ಲ. ಹತ್ತಾಕ ಎಷ್ಟು ಹೊತ್ತಾತು ನೋಡಿದಿಲ್ಲ? ಇಲ್ಲಿ ಇಳಿದ್ರ ಮತ್ತ ಯಾರು ಹತ್ತಿಸ್ತೀರಿ, ಈ ರಾಡ್ಯಾಗ? ನಡೀರಿ ವಡ್ಡಿಗೆ."

ಪಕ್ಕದ ಗದ್ದೆಯಲ್ಲಿ ಟ್ರ್ಯಾಕ್ಟರಿನಿಂದ ಕೆಸರು ಹೊಡೆಯುತ್ತಿದ್ದ ಹೊನ್ನೂರಪ್ಪ ಬಂದರು. ಗದ್ದೆ ಅವರದೇ. ಬೈಯುತ್ತಾರೆಂದು ನಾನು ತಲೆ ತಗ್ಗಿಸಿದೆ. ಅವರು ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ, "ನನ್ನ ಟ್ರ್ಯಾಕ್ಟರ್ ಸಾಲದಂತ ಇದನ್ನೂ ಹೂಡಾಕ ತಂದೀರೇನ್ರಿ? ಚಲೋ ಆತು ಬಿಡ್ರಿ," ಅಂದರು. ಅವ್ವನಿಗೆ, "ಯಮ್ಮಾ, ಇಳೀರಿ, ಎಳೆಯೋ ಮುಂದ ಕುಲುಕ್ತೈತಿ," ಅಂದರು.

"ಇಷ್ಟೊತ್ತು ಕುಲುಕಿಲ್ಲೇನಪ್ಪ? ನೀ ಎಳಿ. ನಾ ದೇವ್ರನ್ನ ಹಿಡ್ಕೊಂಡೀನಿ."

ಹೊನ್ನೂರಪ್ಪ ಸರಪಳಿ ಹಾಕಿ, ಅವ್ವ ಒಳಗಿದ್ದ ಹಾಗೆಯೇ, ಗಾಡಿಯನ್ನು ಎಳೆದು ರಸ್ತೆಗೆ ಹತ್ತಿಸಿದರು. ಎರ್ರಿಸ್ವಾಮಿ ಈ ಸಲ ಬ್ರೇಕಿನ ಮೇಲಿಂದ ಕಾಲು ತೆಗೆಯಲಿಲ್ಲ. ಪೂಜಾರಿಯವರು ಆರತಿ ತಟ್ಟೆ ಹಿಡಿದುಕೊಂಡೇ ಇಳಿದು ಬಂದಿದ್ದರು. ಒಡೆದ ಕುಂಬಳಕಾಯಿ, ಅಪ್ಪಚ್ಚಿಯಾದ ನಾಲ್ಕೂ ನಿಂಬೆಹಣ್ಣು ನೋಡಿ, ಸ್ವಲ್ಪ ಯೋಚಿಸಿ, "ಎಲ್ಲಾ ಆದಂಗಾತು. ದಕ್ಷಿಣೆ ಇಟ್ಟು ನಡೀರಿ," ಅಂದರು.

ನಡೆದೆವು. ದಾರಿಯುದ್ದಕ್ಕೂ ಮಾತಾಡಿದವಳು ಅವ್ವ ಒಬ್ಬಳೇ. ಕಮಲಾಪುರದಲ್ಲಿ ಹಂಪಿಯ ಗುಡ್ಡಗಳು ಕಂಡಾಗ ಸೀಟಿನಲ್ಲೇ ಕೈ ಮುಗಿದಳು. ಹೊಸಪೇಟೆಯಲ್ಲಿ ಅಕ್ಕನಿಗೆಂದು ಬಾಳೆಹಣ್ಣು ಕೊಳ್ಳಿಸಿದಳು. ಅಲ್ಲಿ ಗಾಡಿ ನಿಲ್ಲಿಸಿದಾಗ ನಾನು ಇಳಿದು ಬಾನೆಟ್ಟಿಗೆ ಎದುರಾಗಿ ಎರಡೂ ಕೈ ಒತ್ತಿ ನಿಂತಿದ್ದೆ. ಜನ ನೋಡುತ್ತಿದ್ದರು. ನೋಡಲಿ ಅಂದುಕೊಂಡೆ.

ವಡ್ಡುವಿನಲ್ಲಿ ದೊಡ್ಡವ್ವನ ಮನೆಯ ಮುಂದೆ ಸಣ್ಣ ಇಳುಕಲಿದೆ. ಗಾಡಿಯ ಸದ್ದು ಗುರುತು ಹಿಡಿದು ಹುಲುಗಪ್ಪನವರು ಅದೇ ಬೀದಿಯಲ್ಲಿದ್ದ ತಮ್ಮ ಮನೆಯಿಂದ ಓಡಿ ಬಂದರು. ಕೆಸರು ನೋಡಿ ಹೌಹಾರಿದರು. ಒಳಗೆ ಇಣುಕಿ, ಹಾರ ಹಾಕಿಕೊಂಡು ಕೂತಿದ್ದ ಕಲ್ಲನ್ನು ನೋಡಿದರು.

"ಸರ, ಇದನ್ನ ಯಾಕ್ರೀ ಇಲ್ಲಿ ಕುಂದ್ರಿಸೀರಿ?"

"ಗಾಡಿ ದೇವ್ರಲ್ರೀ?" ಅಂದೆ.

"ಎಲ್ಲಿ ದೇವ್ರು ರೀ! ಗಾಲಿಗೆ ಕೊಡೋ ಕಲ್ಲು ಅದು. ಹ್ಯಾಂಡ್ ಬ್ರೇಕ್ ಹಿಡಿಯಂಗಿಲ್ಲ, ಗಣಿ ಗುಡ್ಡದ ಮ್ಯಾಲೆ ಇದನ್ನ ಕೊಟ್ಟಾ ನಿಂದ್ರಿಸ್ತಿದ್ದೆ."

"ಮತ್ತ ಕುಂಕುಮ?"

"ಆಯುಧ ಪೂಜೀಗೆ ಜಾಕಿಗೆ, ಪಾನಾಕ್ಕ ಹಚ್ಚಿದಂಗ ಇದಕ್ಕೂ ಹಚ್ಚಿದ್ದೆ. ದುಡಿದೈತಲ್ರೀ ಅದೂ. ಕಲ್ಲು ಕೈಗೆ ಕೊಟ್ರ ಯಾಕಂತ ನಿಮಗ ತಿಳೀತೈತಿ ಅನ್ಕೊಂಡೆ."

ಎರ್ರಿಸ್ವಾಮಿ ನನ್ನ ಮುಖ ನೋಡಲಿಲ್ಲ. ನಾನೂ ಅವನ ಮುಖ ನೋಡಲಿಲ್ಲ. ಹುಲುಗಪ್ಪನವರು ಕಲ್ಲನ್ನು ಗಾಲಿಗೆ ಕೊಡಲು ಕೈ ಚಾಚಿದರು. "ತಡೀರಿ," ಎಂದು ರೇಣುಕಾ ತಡೆದಳು. ಇಷ್ಟು ದಿನ ನೀರೆರೆದು ಪೂಜೆ ಮಾಡಿದ್ದನ್ನು ಗಾಲಿಯ ಕೆಳಗೆ ಇಡುವುದು ಹೇಗೆ? ಎಲ್ಲರೂ ಅವ್ವನ ಕಡೆ ತಿರುಗಿದೆವು.

ಅವ್ವ ಕಲ್ಲಿನ ಹಾರ ತೆಗೆದಳು. "ದುಡಿಯೋ ದೇವ್ರಿಗೆ ಮಣ್ಣು ಹತ್ತಿದ್ರ ಮೈಲಿಗಿ ಇಲ್ಲ. ಇಡ್ರಿ," ಅಂದಳು. ಹುಲುಗಪ್ಪನವರು ಅದನ್ನು ಹಣೆಗೆ ಒತ್ತಿಕೊಂಡು ಗಾಲಿಗೆ ಕೊಟ್ಟರು. ಎರ್ರಿಸ್ವಾಮಿ ಬ್ರೇಕಿನಿಂದ ಕಾಲು ತೆಗೆದ. ಗಾಡಿ ಗಪ್ಪನೆ ನಿಂತಿತು.

ಅಷ್ಟರಲ್ಲಿ ದೊಡ್ಡವ್ವನನ್ನು ಕುರ್ಚಿಯ ಸಮೇತ ಹೊರಗೆ ತಂದಿದ್ದರು. ಅವ್ವನನ್ನು ಇಳಿಸಲು ನಾನು ಮಣೆ, ಸ್ಟೂಲು ಇಳಿಸುತ್ತಿದ್ದೆ. ದೊಡ್ಡವ್ವ ಒಳಗೆ ಕಾಲು ನೀಡಿ ಕೂತಿದ್ದ ತಂಗಿಯನ್ನು ನೋಡಿ, "ಅಕಿನ್ನ ಇಳಿಸಬ್ಯಾಡ್ರಿ. ನನ್ನ ಹತ್ತಿಸ್ರಿ," ಅಂದಳು. ಹತ್ತಿಸಿದೆವು. ಸಂಜೆಯವರೆಗೆ ಅಕ್ಕ ತಂಗಿ ಮುಂದಿನ ಎರಡು ಸೀಟಿನಲ್ಲಿ ಕೂತು, ಬಾಳೆಹಣ್ಣು ತಿನ್ನುತ್ತ, ಸಿಪ್ಪೆಯನ್ನು ಕಿಟಕಿಯಿಂದ ನಮ್ಮ ಕೈಗೆ ಕೊಡುತ್ತ ಮಾತಾಡಿದರು. ಊಟವನ್ನೂ ಅಲ್ಲಿಗೇ ತರಿಸಿಕೊಂಡರು. ನಾನು ಹೊರಗೆ ಗಾಲಿಯ ಹತ್ತಿರವೇ ಕೂತು ಕಲ್ಲನ್ನು ನೋಡುತ್ತಿದ್ದೆ. ಅದು ಅಲ್ಲಾಡಲಿಲ್ಲ.

ಹ್ಯಾಂಡ್ ಬ್ರೇಕನ್ನು ಮರುದಿನವೇ ರಿಪೇರಿ ಮಾಡಿಸಿದೆ. ಆದರೂ ಕಲ್ಲು ಗಾಡಿಯಲ್ಲೇ ಇದೆ. ಇಳುಕಲಿನಲ್ಲಿ ನಿಲ್ಲಿಸಿದಾಗ ಕೈ ಮುಗಿದು ಗಾಲಿಗೆ ಕೊಡುತ್ತೇವೆ. ನಿಂತ ಗಾಡಿ ನಿಂತೇ ಇರುತ್ತದೆ ಎಂಬ ಧೈರ್ಯ ನನಗೆ ಮರಳಿ ಬಂದಿಲ್ಲ. ಕಾಟಾದ ಮೇಲೆ ಲಾರಿ ಬಂದು ನಿಂತರೆ ಈಗಲೂ ಮೊದಲು ಅದರ ಗಾಲಿ ನೋಡುತ್ತೇನೆ.

ದೊಡ್ಡವ್ವ ಮರುವರ್ಷ ತೀರಿಕೊಂಡಳು. ಅದಕ್ಕೆ ಮುಂಚೆ ಐದಾರು ಸಲ ಆ ಗಾಡಿ ವಡ್ಡುವಿಗೆ ಹೋಗಿ ಬಂತು. ಏರಿಯ ಮೇಲೆ ನಡೆದದ್ದನ್ನು ದೊಡ್ಡವ್ವ ಕಂಡಿರಲಿಲ್ಲ. ಆದರೆ ಕಂಡ ನಮಗಿಂತ ಚೆನ್ನಾಗಿ ಹೇಳುತ್ತಿದ್ದಳು. ಕಣ್ಣಾರೆ ಕಂಡವರೆಲ್ಲ ಇದ್ದಾರೆ. ಪೂಜಾರಿಯವರು ಕಣ್ಣು ಮುಚ್ಚಿದ್ದರಿಂದ ಅವರದು ಅರ್ಧ ಸಾಕ್ಷಿ. ಎರ್ರಿಸ್ವಾಮಿ ಇದ್ದಾನೆ, ರೇಣುಕಾ ಇದ್ದಾಳೆ, ಹೊನ್ನೂರಪ್ಪ ಇದ್ದಾರೆ. ಆ ಮಡಿಯಲ್ಲಿ ಆ ವರ್ಷ ಭತ್ತ ಹುಲುಸಾಗಿ ಬಂತು ಎನ್ನುತ್ತಾರೆ. ಇವರಲ್ಲಿ ಯಾರನ್ನು ಕೇಳಿದರೂ ಗಾಡಿ ಉರುಳಿತು ಎಂದೇ ಹೇಳುತ್ತಾರೆ.

ಅವ್ವನೂ ಇದ್ದಾಳೆ. ಅವಳನ್ನು ಕೇಳಿದರೆ ಮಾತ್ರ ಬೇರೆ ಹೇಳುತ್ತಾಳೆ. "ಉರುಳಾಕ ಅದೇನು ಚೆಂಬೇನು? ನಿಮ್ಮ ಪೂಜಿ ಮುಗಿಯೋ ಹಂಗ ಕಾಣಲಿಲ್ಲ. ನಾ ನಮ್ಮಕ್ಕನ ಊರಿಗೆ ಹೊಂಟಿದ್ದೆ."