ಗುಮಾಸ್ತೆ ಓದಿದ ದಾವೆ

ಕಾಗದ ಓದುವಾಗ ಗುಮಾಸ್ತೆಯ ಕೆಳತುಟಿ ಅಲುಗುತ್ತಿತ್ತು. ದನಿ ಹೊರಡುತ್ತಿರಲಿಲ್ಲ. ತಪ್ಪು ಸಿಕ್ಕ ಜಾಗದಲ್ಲಿ ತುಟಿ ಗಕ್ಕನೆ ನಿಲ್ಲುತ್ತಿತ್ತು. ಆಮೇಲೆ ಕನ್ನಡಕದ ಮೇಲಿನಿಂದ ಒಂದು ನೋಟ. ನಾನು ಬರೆದದ್ದು ಅವರ ಕೈಗೆ ಹೋದಾಗಲೆಲ್ಲ ಆ ತುಟಿಯನ್ನೇ ನೋಡುತ್ತ, ಒಳಗೊಳಗೇ ಕುದಿಯುತ್ತ ಕೂತಿರುತ್ತಿದ್ದೆ.

ಬಂಗಾರಪೇಟೆಯಲ್ಲಿ ನಮ್ಮ ಸೀನಿಯರ್ ವಕೀಲರ ಕಚೇರಿ. ಅವರು, ನಾನು, ಇನ್ನೊಬ್ಬ ಜೂನಿಯರ್, ಮತ್ತು ಈ ಗುಮಾಸ್ತೆ. ಗಣಿ ಕಾರ್ಮಿಕರ ಮಗಳು, ಮದುವೆಯಾಗಿರಲಿಲ್ಲ. ದಿನಾ ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬರುತ್ತಿದ್ದರು. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು. ನಾನೊಬ್ಬ ಮಾತ್ರ ‘ಗುಮಾಸ್ತರೇ’ ಎಂದು ಕರೆಯುತ್ತಿದ್ದೆ.

ಅದಕ್ಕೆ ಕಾರಣವಿತ್ತು. ಸುತ್ತಲಿನ ಹತ್ತು ಹಳ್ಳಿಯ ನಮ್ಮ ನೆಂಟರಲ್ಲಿ ಕರಿಕೋಟು ಹಾಕಿದ ಮೊದಲಿಗ ನಾನು. ತಲೆ ಸ್ವಲ್ಪ ತಿರುಗಿತ್ತು. ಸೇರಿದ ಮೊದಲ ವಾರವೇ, ಕಕ್ಷಿದಾರನ ಎದುರಿಗೆ, ನಾನು ಬರೆದ ನೋಟಿಸನ್ನು ಅವರು ಎರಡೇ ಬೆರಳಲ್ಲಿ ಹಿಡಿದು ವಾಪಸ್ ಕೊಟ್ಟಿದ್ದರು.

“ಪೂರ್ವಕ್ಕೂ ಪಶ್ಚಿಮಕ್ಕೂ ಒಂದೇ ಜಮೀನು ಬರ್ದಿದೀರಿ. ಸೂರ್ಯ ಅಲ್ಲೇ ಉಟ್ಟಿ ಅಲ್ಲೇ ಮುಳುಗ್ತಾನಾ ಸಾರ್?”

ಕಕ್ಷಿದಾರ ನಕ್ಕ. ಅವನ ನಗುವನ್ನು ನಾನು ಮರೆಯಲಿಲ್ಲ. ಕೆಲಸ ಮುಗಿಸಿ ತಂದಿಟ್ಟ ಪ್ರತಿಸಲವೂ ಅವರದು ಒಂದೇ ಮಾತು: “ಬೇಗ ಆಯ್ತು, ಸರಿ. ಸರಿಯಾಗಿ ಆಯ್ತಾ?”

ಹಳೆಯ ಫೈಲು ತೆರೆದು ಹೆಸರು ಬದಲಾಯಿಸಿ ಹೊಸ ದಾವೆ ಬರೆಯುವುದು ನಮ್ಮಲ್ಲಿ ರೂಢಿ. ಒಮ್ಮೊಮ್ಮೆ ಹಳೆಯ ಹೆಸರು ಅಲ್ಲೇ ಉಳಿದು ಫಜೀತಿಯಾಗುತ್ತಿತ್ತು. ವಿವರ ತುಂಬಿದರೆ ದಾವೆ, ನೋಟಿಸು, ಪ್ರಮಾಣಪತ್ರ ತಾನೇ ತಯಾರಾಗುವ ಸಾಫ್ಟ್‌ವೇರ್ ಬಂದಿದೆ ಎಂದು ಯಾರೋ ಸೀನಿಯರ್‌ಗೆ ಹೇಳಿದರು. ಅವರು ನನ್ನನ್ನೂ ಗುಮಾಸ್ತೆಯನ್ನೂ ಕರೆದು, “ನೀವಿಬ್ರೂ ಕೂತು ಒಂದು ಆರಿಸಿ. ಕಿತ್ತಾಡಬೇಡಿ,” ಎಂದರು.

ಕೊನೆಗೆ ಉಳಿದದ್ದು ಎರಡು. ಒಂದು, ಕೋಲಾರದ ಗಂಡ ಹೆಂಡತಿ ಮಾಡಿದ್ದು. ನೋಡಲು ಸಪ್ಪೆ, ತುಂಬಬೇಕಾದ ಪ್ರಶ್ನೆಗಳೋ ನೂರೆಂಟು. ಇನ್ನೊಂದನ್ನು ಬೆಂಗಳೂರಿನಿಂದ ತಂದವನು ನನ್ನ ಹೆಂಡತಿಯ ತಮ್ಮ. ಅವನದು ಥಳಥಳ ಹೊಳೆಯುತ್ತಿತ್ತು. ನಾನು ಮನಸ್ಸಿನಲ್ಲಿ ಆಗಲೇ ಆರಿಸಿಯಾಗಿತ್ತು.

ಗುಮಾಸ್ತೆ ಅವನನ್ನು ಎದುರು ಕೂರಿಸಿಕೊಂಡು ಶುರುಮಾಡಿದರು. ಕಕ್ಷಿದಾರರ ಕಾಗದ ಎಲ್ಲಿ ಉಳಿಯುತ್ತೆ? ವಾಕ್ಯ ಸರಿಯಿಲ್ಲದಿದ್ದರೆ ನಾವೇ ತಿದ್ದಬಹುದೋ, ನಿಮ್ಮನ್ನು ಕಾಯಬೇಕೋ? ಅವನು ಇಂಗ್ಲಿಷಿನಲ್ಲಿ ಉತ್ತರ ಹೇಳಿದ. ಅವರು, “ಕನ್ನಡದಲ್ಲಿ ಯೋಳಪ್ಪಾ, ಇಲ್ಲಾಂದ್ರೆ ತಮಿಳ್ ಆದ್ರೂ ಮಾತಾಡು,” ಎಂದರು. ಆಮೇಲೆ ಪರದೆಯ ಮೇಲೆ ಬೆರಳಿಟ್ಟರು.

ನಮ್ಮ ಕಾಗದಗಳಲ್ಲಿ ಗಂಡಸಿನ ಹೆಸರಿನ ಮುಂದೆ ‘ಬಿನ್’ ಎಂದು ಹಾಕಿ ತಂದೆಯ ಹೆಸರು ಬರೆಯುತ್ತೇವೆ. ಮದುವೆಯಾದ ಹೆಂಗಸಿನ ಹೆಸರಿನ ಮುಂದೆ ‘ಕೋಂ’ ಎಂದು ಹಾಕಿ ಗಂಡನ ಹೆಸರು. ಆ ಸಾಫ್ಟ್‌ವೇರ್ ಕೇಳುತ್ತಿದ್ದದ್ದು ಗಂಡೋ ಹೆಣ್ಣೋ, ಅಷ್ಟೇ. ಹೆಣ್ಣೆಂದು ಒತ್ತಿದರೆ ಕಣ್ಣು ಮುಚ್ಚಿ ‘ಕೋಂ’ ಬರೆಯುತ್ತಿತ್ತು.

“ಮದುವೆ ಆಗ್ದೇ ಇರೋಳನ್ನ ಏನ್ ಮಾಡುತ್ತೆ ಇದು?”

“ಅದೆಲ್ಲ ಮುಂದಿನ ಅಪ್‌ಡೇಟ್‌ನಲ್ಲಿ ಬರುತ್ತೆ ಆಂಟಿ.”

“ಅಲ್ಲೀಗಂಟ?”

ನನಗೆ ತಡೆಯಲಾಗಲಿಲ್ಲ. “ಊರಲ್ಲಿರೋ ಹೆಂಗಸರೆಲ್ಲ ನಿಮ್ಮ ಥರ ಇರ್ತಾರಾ?” ಅಂದುಬಿಟ್ಟೆ.

ಅವರ ಮುಖ ಒಮ್ಮೆಗೇ ಕಪ್ಪಿಟ್ಟಿತು. ಎದ್ದರು, ಚೀಲ ತಗೊಂಡರು, ಮಧ್ಯಾಹ್ನದ ರೈಲಿಗೇ ಹೊರಟುಹೋದರು. ಸೀನಿಯರ್ ಬಂದಾಗ ನಾನು, “ಇಬ್ಬರೂ ಬೆಂಗಳೂರಿಂದೇ ಒಪ್ಪಿದ್ವಿ ಸಾರ್,” ಎಂದೆ.

ಮುಂದಿನ ತಿಂಗಳು ಹತ್ತಿರದ ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ಎರಡು ಹಸು ಕಟ್ಟಿ ಡೇರಿಗೆ ಹಾಲು ಹಾಕುತ್ತ, ಹಾಸಿಗೆ ಹಿಡಿದ ತಂದೆಯನ್ನು ನೋಡಿಕೊಳ್ಳುತ್ತ, ಮದುವೆಯಾಗದೇ ಉಳಿದವಳು. ತಂದೆ ಸತ್ತಮೇಲೆ ಅಣ್ಣಂದಿರು ಪಾಲಿಲ್ಲ ಎಂದಿದ್ದರು. ನಾನು ಹೆಂಡತಿಯ ತಮ್ಮನ ಸಾಫ್ಟ್‌ವೇರಿನಲ್ಲಿ ಹತ್ತು ನಿಮಿಷದಲ್ಲಿ ದಾವೆ ಸಿದ್ಧಮಾಡಿದೆ. ಗುಮಾಸ್ತೆ ಕೈ ಚಾಚಿದರು. “ಕೊಡಿ, ಅರ್ಧ ಗಂಟೇಲಿ ಓದ್ತೀನಿ.” “ಬೇಕಾಗಿಲ್ಲ,” ಎಂದು ಸಹಿ ಹಾಕಿದೆ. ನಾನೂ ಓದಲಿಲ್ಲ.

ನ್ಯಾಯಾಲಯದಲ್ಲಿ ಎದುರು ವಕೀಲರು ಎದ್ದು ನಿಂತು ಮೊದಲ ಸಾಲನ್ನು ನಿಧಾನವಾಗಿ, ಎಲ್ಲರಿಗೂ ಕೇಳುವಂತೆ ಓದಿದರು. ವಾದಿಯ ಹೆಸರು, ‘ಕೋಂ’, ತಂದೆಯ ಹೆಸರು. “ಸ್ವಾಮಿ, ಈಕೆ ತನ್ನ ತಂದೆಗೇ ಹೆಂಡತಿ ಅಂತ ಬರೆದುಕೊಂಡಿದ್ದಾಳೆ.”

ಕೂತವರೆಲ್ಲ ನಕ್ಕರು. ಅಣ್ಣಂದಿರು ನಕ್ಕರು. ಹಿಂದಿನ ಬೆಂಚಿನಲ್ಲಿದ್ದವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಹೊರಟುಹೋದಳು. ನ್ಯಾಯಾಧೀಶರು ನಗುವವರನ್ನು ಗದರಿಸಿ, ತಿದ್ದುಪಡಿ ಅರ್ಜಿ ಹಾಕಿ ಎಂದು ನನ್ನ ಮುಖ ನೋಡದೆ ಹೇಳಿದರು.

ಕಚೇರಿಯಲ್ಲಿ ಸೀನಿಯರ್ ಕೇಳಿದರು, “ಇಬ್ರೂ ಒಪ್ಪಿದ್ರಿ ಅಲ್ವಾ?”

“ನನ್ನ ಯಾರೂ ಕೇಳಿಲ್ಲ,” ಎಂದರು ಗುಮಾಸ್ತೆ. ಅಷ್ಟೇ. ಸೀನಿಯರ್ ನನ್ನತ್ತ ತಿರುಗಿದರು. ಆ ಗಳಿಗೆಯಲ್ಲೂ ನನಗೆ ಸಿಟ್ಟು ಬಂದದ್ದು ಗುಮಾಸ್ತೆಯ ಮೇಲೆ.

ಮಾರನೆಯ ದಿನ ಗುಮಾಸ್ತೆ ತಿದ್ದಿದ ದಾವೆ ಹಿಡಿದು ನನ್ನ ಮೇಜಿನ ಮುಂದೆ ನಿಂತರು. “ನಡೀರಿ, ಆ ಯಮ್ಮನ ಮನೇಗೆ.”

“ಫೋನ್ ಮಾಡ್ತೀನಿ.”

“ಎಲ್ರೂ ನಕ್ಕಿದ್ದು ಫೋನ್‌ನಲ್ಲಾ?”

ಆಟೋದಲ್ಲಿ ಹೋದೆವು. ಆಕೆ ಕೊಟ್ಟಿಗೆಯಲ್ಲಿದ್ದಳು. ಕೂತುಕೊಳ್ಳಿ ಎನ್ನಲಿಲ್ಲ.

“ನಮ್ಮಪ್ಪನ್ನ ಅನ್ನೊಂದು ವರ್ಸ ಎತ್ತಿ ಮಲಗಿಸಿವ್ನಿ ಸಾ. ಊರೋರು ಇವಾಗ ಏನಂತಾವ್ರೆ ಗೊತ್ತಾ ನಿಮ್ಗೆ? ಪಾಲೂ ಬ್ಯಾಡ, ಕೇಸೂ ಬ್ಯಾಡ. ಓಗಿ.”

ನಾನು ಗುಮಾಸ್ತೆಯ ಕಡೆ ನೋಡಿದೆ. ಅವರು ಹಸುವನ್ನು ನೋಡುತ್ತ ನಿಂತಿದ್ದರು. ನನ್ನನ್ನು ಎತ್ತಿಹಿಡಿಯುವ ಒಂದು ಮಾತೂ ಅವರ ಬಾಯಿಂದ ಬರುವುದಿಲ್ಲವೆಂದು ಗೊತ್ತಾಯಿತು. “ತಪ್ಪು ನಂದಮ್ಮ. ಓದದೆ ಸಹಿ ಹಾಕಿದೆ. ಓದಿ ಕೊಡ್ತೀನಿ ಅಂದ್ರು ಇವರು, ನಾನೇ ಬೇಡ ಅಂದೆ,” ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು.

ಆಕೆ ಹಸುವಿನ ಮೈ ಉಜ್ಜತೊಡಗಿದಳು. ಆಗ ಗುಮಾಸ್ತೆ ಕೊಟ್ಟಿಗೆಯ ಕಲ್ಲಿನ ಮೇಲೆ ಕೂತು, ಮೊದಲ ಸಲ ನನಗೆ ಕೇಳುವಂತೆ, ಗಟ್ಟಿಯಾಗಿ ದಾವೆ ಓದತೊಡಗಿದರು. ತಮಿಳಿನ ರಾಗದ ಕನ್ನಡ. ಪ್ರತಿ ಸಾಲಿಗೂ ನಿಂತು, “ನಿಜಾನಾಮ್ಮಾ?” ಎಂದು ಕೇಳುತ್ತಿದ್ದರು. ಅಪ್ಪನ ಹೆಸರು, ಅದರ ಮುಂದೆ ‘ಅವರ ಮಗಳು’ ಎಂದು ಓದಿದಾಗ ಆಕೆ ಹಸುವಿನ ಮೈಮೇಲಿಂದ ಕೈ ತೆಗೆದಳು.

“ಇನ್ನೊಂದ್ ಕಿತ ಓದಕ್ಕಾ.”

ಓದಿದರು. ಆಕೆ ಕೈ ತೊಳೆದುಕೊಂಡು ಬಂದು ಸಹಿ ಹಾಕಿದಳು.

ಹಿಂದಿರುಗುವಾಗ ನಾನು ಉಪಕಾರವಾಯಿತು ಎಂದೆ. ಅವರು ರಸ್ತೆಯ ಕಡೆ ಮುಖ ಮಾಡಿಕೊಂಡೇ ಹೇಳಿದರು: “ನಿಮ್ಗೋಸ್ಕರ ಬರ್ಲಿಲ್ಲ ನಾನು. ಆವತ್ತು ನೀವಂದಿದ್ದು ಮರ್ತೂ ಇಲ್ಲ.”

ಕ್ಷಮೆ ಕೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲವೆಂದು ಗೊತ್ತಿತ್ತು. ಕೇಳಲಿಲ್ಲ. ಹಸುವಿನ ಕೊಟ್ಟಿಗೆಯಲ್ಲಿ ಬಗ್ಗಿದ ಕತ್ತು ಅವರೆದುರು ಬಗ್ಗಲಿಲ್ಲ.

ಕೋಲಾರದವರ ಸಾಫ್ಟ್‌ವೇರ್ ಬಂತು. ವಾರಗಟ್ಟಲೆ ಅವರನ್ನು ಪಕ್ಕ ಕೂರಿಸಿಕೊಂಡು ಗುಮಾಸ್ತೆ ಒಂದೊಂದೇ ವಾಕ್ಯ ತಿದ್ದಿಸಿದರು. ವಿಧವೆ, ಗಂಡನನ್ನು ಬಿಟ್ಟವಳು, ಮದುವೆಯಾಗದವಳು, ಇನಿಷಿಯಲ್ ಮಾತ್ರ ಇರುವ ತಮಿಳು ಹೆಸರಿನವನು, ಎಲ್ಲರಿಗೂ ಅದರಲ್ಲಿ ಜಾಗವಾಯಿತು. ನನ್ನ ಹೆಂಡತಿಯ ತಮ್ಮ ಮನೆಗೆ ಬರುವುದನ್ನು ಬಿಟ್ಟ. ಆ ಹೆಣ್ಣುಮಗಳಿಗೆ ಪಾಲು ಸಿಕ್ಕಿತು. ಗಿಣ್ಣುಹಾಲು ತಂದು ಗುಮಾಸ್ತೆಗೆ ಕೊಟ್ಟು, ನನ್ನ ಮೇಜು ದಾಟಿಕೊಂಡು ಹೋದಳು. ನಾನು ಅಂದಿನಿಂದ ಯಾವ ಕಾಗದವನ್ನೂ ಕಕ್ಷಿದಾರರಿಗೆ ಓದಿ ಹೇಳದೆ ಸಹಿ ಹಾಕಿಲ್ಲ. ಇದನ್ನು ಅವರು ಗಮನಿಸಿದ್ದರೋ ಇಲ್ಲವೋ, ಒಂದು ದಿನವೂ ಹೇಳಲಿಲ್ಲ.

ಕಳೆದ ವರ್ಷ ಗುಮಾಸ್ತೆ ಎರಡು ತಿಂಗಳು ಮಲಗಿದ್ದು ತೀರಿಕೊಂಡರು. ಕಚೇರಿಯವರೆಲ್ಲ ಮಾರಿಕುಪ್ಪಂಗೆ ಹೋದೆವು. ಸಾಲುಮನೆಯ ಸಣ್ಣ ಬಾಗಿಲು, ಒಳಗೆ ಒಬ್ಬೊಬ್ಬರೇ ಹೋಗಬೇಕು. ನನ್ನ ಸರದಿ ಬಂದಾಗ ಅವರ ತಂಗಿ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದರು:

“ತಪ್ಪು ತಿಳ್ಕೋಬೇಡಿ ಸಾರ್. ಆಫೀಸಲ್ಲಿ ಒಬ್ರು ಲಾಯರು, ಅವ್ರು ಮಾತ್ರ ಬರಬಾರ್ದು ಅಂತ ಅಕ್ಕ ಯೋಳಿತ್ತು. ನೀವು ಬೇರೆ ತಾನೇ?”

ಹೌದು ಎಂದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

“ಇಲ್ಲಮ್ಮ, ನಾನೇ ಅವನು,” ಎಂದೆ.

ಸರಿದು ದಾರಿ ಬಿಟ್ಟೆ. ಹಿಂದಿದ್ದವರು ಒಳಗೆ ಹೋದರು. ಗುಮಾಸ್ತೆಯನ್ನು ಎತ್ತಿಕೊಂಡು ಹೋಗುವವರೆಗೂ ಬೀದಿಯ ಆಚೆ ಬದಿಯಲ್ಲಿ, ಬಿಸಿಲಲ್ಲಿ ನಿಂತಿದ್ದೆ.