ಮುಲುಂಡಿನ ಮನೆಯ ಕಂಬ

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ಮೊದಲು ನಗುತ್ತಿದ್ದೆ. ದೇವರು ಮೈಮೇಲೆ ಬಂದ, ಸತ್ತವರು ಕರೆದರು ಎನ್ನುವವರ ಮುಂದೆ ನನಗೆ ತಾಳ್ಮೆ ಕಡಿಮೆ. ಮನೆಯಲ್ಲಿ ಇದಕ್ಕಾಗಿ ಬೈಸಿಕೊಂಡದ್ದೂ ಉಂಟು. ಈಗ ನಾನೇ ಬರೆಯಲು ಕೂತಿದ್ದೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ನಾವು ವಿಜಯಪುರದ ಕಡೆಯವರು, ಮನೆದೇವರು ನರಸಿಂಹ. ನರಸಿಂಹ ಜಯಂತಿಯ ದಿನ ಹೊತ್ತು ಮುಳುಗುವವರೆಗೆ ಉಪವಾಸ, ಆಮೇಲೆ ಪೂಜೆ, ಪಾನಕ, ಕೋಸಂಬರಿ. ಇದು ಬಹಳ ಮನೆಗಳಲ್ಲಿ ಇದ್ದದ್ದೇ. ನಮ್ಮಲ್ಲಿ ಇನ್ನೊಂದು ಪದ್ಧತಿಯಿತ್ತು. ಸೂರ್ಯ ಮುಳುಗುವಾಗ ಮನೆಯ ಹಿರಿಯ ಗಂಡಸು ಕಂಬಕ್ಕೆ ಗುದ್ದಿ, ಹಿರಣ್ಯಕಶಿಪುವಿನ ಹಾಗೆ, "ಎಲ್ಲಿ ಅದಾನ ನಿನ್ನ ಹರಿ? ಈ ಕಂಬದಾಗ ಅದಾನೇನು?" ಎಂದು ಕೇಳಬೇಕು. ಮನೆಯ ಕಿರಿಯವನು ಆಚೆ ನಿಂತು "ಅದಾನ" ಎನ್ನಬೇಕು. ಮುಲುಂಡಿನ ನಮ್ಮ ಫ್ಲ್ಯಾಟಿನಲ್ಲಿ ಹಾಲ್ ಮತ್ತು ಅಡುಗೆಮನೆಯ ನಡುವೆ ಒಂದು ಸಿಮೆಂಟ್ ಕಂಬವಿದೆ. ಅದಕ್ಕೇ ಗುದ್ದು.

ಅಪ್ಪ ತೀರಿದ ಮೇಲೆ ಗುದ್ದುವ ಕೆಲಸ ನನಗೆ ಬಂತು. ಉತ್ತರ ಕೊಡುವವನು ತಮ್ಮ ರಾಘು. ಅವನಿಗೆ ಮದುವೆಯಾಗಿರಲಿಲ್ಲ, ನನಗೆ ಮಕ್ಕಳಿಲ್ಲ. ಹೀಗಾಗಿ ಮೀಸೆ ನರೆತರೂ ಅವನೇ ಮನೆಯ ಕಿರಿಯ. ಗಂಟಲು ಕೆರೆದುಕೊಂಡು, "ಅದಾನ, ಅದಾನ, ಮೊದಲ ಪಾನಕ ಕೊಡ್ರಿ" ಎಂದು ನಗುತ್ತಿದ್ದ.

ಆ ವರ್ಷದ ಹಬ್ಬದ ದಿನ ರಾಘು ಪರೇಲಿನ ಒಂದು ಆಸ್ಪತ್ರೆಯಲ್ಲಿದ್ದ. ಮೆದುಳಿನಲ್ಲಿ ರಕ್ತಸ್ರಾವ, ಗಂಟಲಲ್ಲಿ ನಳಿಗೆ, ಎಚ್ಚರವಿಲ್ಲ. ಮಧ್ಯಾಹ್ನ ಡಾಕ್ಟರು ನನ್ನನ್ನು ಕರೆದು, ತಾಯಿಗೆ ಮುಖ ತೋರಿಸುವುದಿದ್ದರೆ ಈಗಲೇ ಕರೆತನ್ನಿ ಎಂದರು. ಹೆಂಡತಿಯನ್ನು ಅಲ್ಲೇ ಬಿಟ್ಟು, ಲೋಕಲ್ ರೈಲು ಹಿಡಿದು ಮನೆಗೆ ಓಡಿದೆ.

ಅವ್ವ ಮಡಿಯುಟ್ಟು ಹಾಲ್‌ನಲ್ಲೇ ಪಾನಕಕ್ಕೆ ಬೆಲ್ಲ ಕರಗಿಸುತ್ತ ಕೂತಿದ್ದಳು. ಇದ್ದದ್ದನ್ನು ಇದ್ದಂತೆ ಹೇಳಿದೆ. ಹೊತ್ತು ಮುಳುಗಲಿ, ಪದ್ಧತಿ ಮುಗಿಸಿ ಬರುತ್ತೇನೆ ಅಂದಳು. ಮೈಯೆಲ್ಲ ಉರಿಯಿತು. ಅತ್ತ ಮಗ ಸಾಯುತ್ತಿದ್ದಾನೆ, ಇತ್ತ ಈಕೆ ಏಲಕ್ಕಿ ಕುಟ್ಟುತ್ತಾಳೆ! ಕೂಗಾಡಿದೆ, ಕೈಮುಗಿದೆ. ಜಪ್ಪಯ್ಯ ಅಂದರೂ ಏಳಲಿಲ್ಲ. ಕೊನೆಗೆ, ಉತ್ತರ ಕೊಡುವವನೇ ಇಲ್ಲವಲ್ಲ, ಯಾರನ್ನು ಕೇಳಲಿ ಅಂದೆ.

"ನೀ ಕೇಳು. ಅಂವಾ ಹೇಳ್ತಾನ," ಅಂದಳು.

ಜಗಳಾಡುವುದಕ್ಕಿಂತ ಗುದ್ದಿ ಮುಗಿಸುವುದೇ ಬೇಗ ಎಂದುಕೊಂಡೆ. ಹೊರಗೆ ಬೆಳಕು ಇಳಿಯುತ್ತಲೇ, ಇದ್ದ ಸಿಟ್ಟೆಲ್ಲ ಸೇರಿಸಿ ಗುದ್ದಿದೆ, ಬೆರಳ ಗೆಣ್ಣು ತರಚಿತು. ಕೇಳಬೇಕಾದದ್ದನ್ನು ಕೇಳಿದೆ.

ಕಂಬದ ಆಚೆ ಯಾರೋ ಗಂಟಲು ಕೆರೆದುಕೊಂಡರು. ಆಮೇಲೆ "ಅದಾನ" ಎಂದರು. ಅದು ರಾಘುವಿನ ದನಿ. ಈ ಸಲ ಅದರಲ್ಲಿ ನಗುವಿರಲಿಲ್ಲ.

ಅಡುಗೆಮನೆಗೆ ನುಗ್ಗಿ ನೋಡಿದೆ. ಯಾರೂ ಇಲ್ಲ. ಪಕ್ಕದ ಫ್ಲ್ಯಾಟಿಗೆ ಬೀಗ, ನಮ್ಮ ಟೀವಿ ಬಂದ್. ಬಾಗಿಲ ಹಿಂದೆಯೂ ಹುಡುಕಿದೆ. ಅವ್ವ ಮಾತ್ರ ಲೋಟದಲ್ಲಿ ಪಾನಕ ಹಾಕಿ ಕಂಬದ ಬುಡಕ್ಕಿಟ್ಟಳು. ಇನ್ನಾದರೂ ಹೊರಡು ಅಂದೆ. ಅವಳು ಸೆರಗಿನಿಂದ ಕಂಬ ಒರೆಸುತ್ತ, "ಇಲ್ಲೇ ಅದಾನಲ್ಲ. ಅಲ್ಲಿ ಯಾರನ್ನ ನೋಡ್ಲಿ?" ಅಂದಳು.

ಅಷ್ಟರಲ್ಲಿ ಹೆಂಡತಿಯ ಫೋನ್ ಬಂತು. ರಾಘು ಹೋಗಿಬಿಟ್ಟಿದ್ದ, ಈಗಷ್ಟೇ.

ಅವನನ್ನು ಮನೆಗೆ ತಂದಾಗ ಅವ್ವ ಮುಖ ಒಮ್ಮೆ ನೋಡಿದಳು. ಎದ್ದು ಹೋಗಿ ಕಂಬಕ್ಕೆ ಬೆನ್ನು ಕೊಟ್ಟು ಕೂತಳು. ಅಳಲಿಲ್ಲ. ಇಂದಿಗೂ ಅತ್ತಿಲ್ಲ. ನನಗೆ ಭಯವಾಗುವುದು ಅದಕ್ಕೇ.

ಗೆಳೆಯನೊಬ್ಬ ಇದನ್ನು ಕೇಳಿ, ನಿದ್ದೆಗೆಟ್ಟ ತಲೆ ಏನೇನೋ ಕೇಳಿಸಿಕೊಳ್ಳುತ್ತದೆ ಅಂದ. ಇರಬಹುದು. ಆದರೆ ಅವ್ವನಿಗೂ ಕೇಳಿಸಿತಲ್ಲ. ಆಮೇಲಿನ ಹಬ್ಬಗಳಲ್ಲೂ ಅವ್ವ ನನ್ನಿಂದ ಗುದ್ದಿಸುತ್ತಿದ್ದಳು. ನನಗೆ ಏನೂ ಕೇಳಿಸುತ್ತಿರಲಿಲ್ಲ. ಅವಳು ಕಿವಿಗೊಟ್ಟು ನಿಂತು, ತಲೆಯಾಡಿಸಿ, ಪಾನಕ ಕುಡಿದು ಉಪವಾಸ ಬಿಡುತ್ತಿದ್ದಳು.

ಈಗ ನಮ್ಮ ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋಗಿದೆ, ಒಡೆದು ಹೊಸದು ಕಟ್ಟುತ್ತಾರೆ. ಮನೆ ಬಿಡುವ ಮಾತು ಬಂದಾಗ ಸೊಸೈಟಿಯ ಹಳಬರೆಲ್ಲ ತಕರಾರು ತೆಗೆದರು. ಮೊದಲು ಹೂಂ ಅಂದವಳು ಅವ್ವ. ನನಗೆ ಆಶ್ಚರ್ಯ. ಕಂಬವೂ ಹೋಗುತ್ತದಲ್ಲ ಅವ್ವಾ, ಅಂದೆ. ಇಷ್ಟೂ ತಿಳಿಯದವನನ್ನು ಹೆತ್ತೆನಲ್ಲ ಎಂಬಂತೆ ನೋಡಿದಳು.

"ಕಂಬಾ ಒಡದ್ರನ ಹೊರಗ ಬರೂದಲ್ಲೇನೋ? ಒಡಿಯೂ ದಿನಾ ನನ್ನ ಕರ್ಕೊಂಡು ಹೋಗು."

ಬಿಲ್ಡಿಂಗ್ ಖಾಲಿಯಾಗಿದೆ, ಮಳೆಗಾಲ ಮುಗಿದ ಮೇಲೆ ಒಡೆಯುತ್ತಾರಂತೆ. ಕರೆದೊಯ್ಯುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಅವಳು ಆಗಲೇ ರಾಘುವಿನ ಒಂದು ಅಂಗಿ ಒಗೆದು ಮಡಚಿಟ್ಟುಕೊಂಡಿದ್ದಾಳೆ. ಕಂಬದೊಳಗೆ ಸಿಮೆಂಟು, ಕಬ್ಬಿಣ ಬಿಟ್ಟರೆ ಏನೂ ಇಲ್ಲವೆಂದು ನನಗೆ ಗೊತ್ತು. ಗೊತ್ತು ಎಂದು ಬರೆಯುವಾಗ ಕೈ ಮುಂದೆ ಹೋಗುತ್ತಿಲ್ಲ.